ಅವ್ವನ ಶುಗರ್ ಟೆಸ್ಟ್ ಆದ ಮ್ಯಾಲ ಇನ್ಶೂರೆನ್ಸ್ ಫೋನ್ ಬರ್ಲತ್ತಾವ, ನಮ್ಮ ಮಾಹಿತಿ ಯಾರ್ ಮಾರ್ಲತ್ತಾರ?

ಸೇಡಂ ರೋಡ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ್ರಿ, ಕಲಬುರಗಿಂದ ಬರೀಲತ್ತೀನಿ. ನಮ್ಮವ್ವಗ ಅಂಗಾಲು ಉರಿತಾವ ಅಂತ ಡಾಕ್ಟರ್ ಕಡೆ ತೋರ್ಸಿದ್ವಿ, ಅವ್ರು ರಕ್ತ ಪರೀಕ್ಷೆ ಬರ್ದು ಕೊಟ್ರು, ಸೂಪರ್ ಮಾರ್ಕೆಟ್ ಕಡೆ ಒಂದು ಲ್ಯಾಬ್‌ನಾಗ ಮಾಡ್ಸಿದ್ವಿ, ಶುಗರ್ ಅದ ಅಂತ ಬಂತು. ರಿಪೋರ್ಟ್ ವಾಟ್ಸಾಪಿಗೆ ಹಾಕ್ತೀವಿ ನಂಬರ್ ಕೊಡ್ರಿ ಅಂದ್ರು, ಅವ್ವನ ನಂಬರೇ ಕೊಟ್ಟೆ. ಮುಂದ ಸ್ವಲ್ಪ ದಿನಕ್ಕೇ ಫೋನ್ ಶುರು ಆದ್ವು ನೋಡ್ರಿ. ಒಬ್ಬಾಕಿ ಫೋನ್ ಮಾಡಿ ಅವ್ವನ ಹೆಸರು ಹಿಡ್ದು ಕರ್ದು "ಅಮ್ಮಾ ನಿಮಗೆ ಶುಗರ್ ಇದೆ ಅಲ್ವಾ, ಶುಗರ್ ಇರೋರಿಗೆ ಅಂತಾನೇ ಪಾಲಿಸಿ ಇದೆ" ಅಂತಾಳ. ಮತ್ತೊಬ್ಬಾಂವ ಹಿಂದ್ಯಾಗ ಶುಗರ್ ಪೂರಾ ಹೋಗ್ತದ ಅಂತ ಪುಡಿ ಮಾರ್ಲತ್ತಾನ. ಮೂರನೇದಾಂವ ಮಷಿನ್ ತೊಗೋರಿ ಅಂತಾನ.

ನಮ್ಮವ್ವ ಇನ್ನಾ ನಮ್ಮ ಕಾಕಾಗಳಿಗೆ ಸೈತ ಹೇಳಿಲ್ಲ ತನಗ ಶುಗರ್ ಅದ ಅಂತ. "ನನ್ನ ಬ್ಯಾನಿ ಊರಮಂದಿಗೆ ಹೆಂಗ ಗೊತ್ತಾಯ್ತು, ನೀ ಯಾರಿಗರ ಹೇಳಿಯೇನು" ಅಂತ ನನಗೇ ಕೇಳ್ತಾಳ, ಆ ಮಾತು ಕೇಳಿ ಭಾಳ ಕೆಟ್ಟ ಅನಿಸ್ತು. ಗೊತ್ತಿಲ್ಲದ ನಂಬರ್ ಬಂದ್ರ ಈಗ ಫೋನ್ ಎತ್ತಲಾಕ ಅಂಜ್ತಾಳ.

ನನಗ ತಿಳ್ಕೋಬೇಕಾಗಿದ್ದು ಇಷ್ಟ್ರಿ. ಈ ಮಾಹಿತಿ ಹೆಂಗ ಹೋಗ್ತದ, ಯಾರು ಯಾರಿಗೆ ಕೊಡ್ತಾರ, ನಮ್ಮಂಥೋರ ಹೆಸರು ನಂಬರಿಂದ ಅವ್ರಿಗೆ ಅಂಥಾ ರೊಕ್ಕ ಏನ್ ಸಿಗ್ತದ, ಮತ್ತ ಇದಕ್ಕ ಕಾನೂನು ಅಂತ ಏನರ ಅದನೋ ಇಲ್ಲೋ. ನಂಬರ್ ಬದಲಿ ಮಾಡ್ರಿ ಅಂತ ಹೇಳಬ್ಯಾಡ್ರಿ ದಯವಿಟ್ಟು, ಅವ್ವನ ಪಿಂಚಣಿ, ಬ್ಯಾಂಕ್, ಗ್ಯಾಸ್ ಎಲ್ಲಾ ಅದೇ ನಂಬರಿಗೆ ಜೋಡ್ಸ್ಯಾವ.


ಶಹಾಬಾದ್ ಫರ್ಸಿ

ಅಣ್ಣಾ ನಾ ಹೈದರಾಬಾದದಾಗ ಟೆಲಿಕಾಲಿಂಗ್ ಆಫೀಸ್‌ನಾಗ ಕೆಲಸ ಮಾಡೀನಿ, ಇನ್ಶೂರೆನ್ಸ್ ಬಿ ಮಾಡೀನಿ ಪರ್ಸನಲ್ ಲೋನ್ ಬಿ ಮಾಡೀನಿ, ಅದಕ್ಕ ಒಳಗಿನ ಹಕೀಕತ್ ಹೇಳ್ತೀನಿ.

ದಿನಾ ಮುಂಜಾನೆ ನಮ್ಮ ಸಿಸ್ಟಮ್‌ನಾಗ ಲೀಡ್, ಅಂದ್ರ ಫೋನ್ ಹಚ್ಚಬೇಕಾದ ಗಿರಾಕಿಗಳ ವಿವರ, ಲೋಡ್ ಆಗಿರ್ತಿದ್ವು. ಹೆಸರು, ನಂಬರ್, ವಯಸ್ಸು, ಪಿನ್‌ಕೋಡ್, ಮತ್ತ ಸೋರ್ಸ್ ಅಂತ ಒಂದು ಕಾಲಂ. ಆ ಕಾಲಂದಾಗ ಬರೇ ಕೋಡ್ ಇರ್ತಿತ್ತು, ಎಲ್ಲಿಂದ ಬಂದದ ಅಂತ ನಮಗ ಹೇಳ್ತಿರ್ಲಿಲ್ಲ, ಗಿರಾಕಿ ಕೇಳಿದ್ರ "ನೀವೇ ಆನ್‌ಲೈನ್‌ದಾಗ ವಿಚಾರಿಸಿದ್ರಿ" ಅನ್ರಿ ಅಂತ ಕಲಿಸಿದ್ರು. ಇವತ್ತೇ ಯಾರೋ ಫಾರ್ಮ್ ತುಂಬ್ಯಾರ, ಇವತ್ತೇ ಟೆಸ್ಟ್ ಮಾಡ್ಸ್ಯಾರ ಅಂದ್ರ ಅದು ತಾಜಾ ಲೀಡ್, ಅದಕ್ಕ ರೇಟ್ ಜಾಸ್ತಿ, ಯಾಕಂದ್ರ ಆ ಮನಿಶಾ ಈಗ ಅದೇ ಚಿಂತ್ಯಾಗ ಇರ್ತಾನ, ಈಗ ಹೊಡದ್ರ ಸೇಲ್ ಆಗ್ತದ. ಅದೇ ನಂಬರ್ ನಾಕು ಕಂಪನಿ ದಾಟಿ ಹಳೇದಾದ ಮ್ಯಾಲ ಸಾವಿರಗಟ್ಟಲೆ ಒಂದೇ ಫೈಲ್‌ನಾಗ ಅಗ್ಗಕ್ಕ ಹೋಗ್ತದ. ನಿಮ್ಮವ್ವಗ ಮೊದಲ ಪಾಲಿಸಿಯಾಕಿ, ಆ ಮ್ಯಾಲ ಪುಡಿ ಮಾರಾಂವ ಬಂದಾನಲ್ಲ, ಆ ಫೈಲ್ ಕೈ ಬದಲಾಗ್ಲತ್ತದ ಅಂತ ಅರ್ಥ.

ಹೋಗೋ ದಾರಿ ಎರಡು ನಾ ನೋಡೀನಿ. ಒಂದು ರಾಜಾರೋಷ್, ಫಾರ್ಮಿನ ಕೆಳಗ "ನಮ್ಮ ಪಾರ್ಟ್ನರ್ ಸಂಸ್ಥೆಗಳು ನಿಮ್ಮನ್ನು ಸಂಪರ್ಕಿಸಬಹುದು" ಅಂತ ಬರ್ದಿರ್ತಾರ, ನಾವು ಸಹಿ ಹಾಕಿರ್ತೀವಿ ಇಲ್ಲಂದ್ರ ಟಿಕ್ ಮಾಡಿರ್ತೀವಿ, ಮುಗೀತು. ಇನ್ನೊಂದು ಕಳ್ಳದಾರಿ, ಕೌಂಟರ್‌ನಾಗ ಕುಂತ ಹುಡುಗನೇ ಇರ್ಲಿ, ಅವ್ರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೊಳ್ಳೋ ಏಜೆನ್ಸಿನೇ ಇರ್ಲಿ, ಯಾರೋ ಒಬ್ಬ ಲಿಸ್ಟ್ ವಾಟ್ಸಾಪ್ ಮಾಡಿ ರೊಕ್ಕ ತೊಗೋತಾನ. ಮಾಲಕಗ ಗೊತ್ತೇ ಇರಲ್ಲ ಎಷ್ಟೋ ಸಲ. ನಿಮ್ಮ ಕೇಸಿನಾಗ ಯಾವ್ದು ಅಂತ ನಾ ಹೇಳಲಾಕ ಆಗಲ್ಲ, ಬಿಲ್ ಮತ್ತ ಫಾರ್ಮ್ ತೆಗ್ದು ನೋಡ್ರಿ ಮೊದ್ಲ.

ಇನ್ನೊಂದು ಮಾತು ಅವ್ವಗ ಹೇಳ್ರಿ, ಇದು ಭಾಳ ಜನಕ್ಕ ಗೊತ್ತಿಲ್ಲ. ಫೋನ್‌ನಾಗ ಏನ್ ಮಾತಾಡ್ತೀರಿ ಅದೆಲ್ಲಾ ನಾವು ಟೈಪ್ ಮಾಡಿ ಇಡ್ತಿದ್ವಿ. "ಬ್ಯಾಡಪ್ಪ ನನ್ನ ಮಗ ಆಲ್ರೆಡಿ ಪಾಲಿಸಿ ಮಾಡ್ಸ್ಯಾನ, ಯುಗಾದಿಗೆ ಕಂತು ಕಟ್ಟೋದದ" ಅಂತ ಒಬ್ಬಾಕಿ ಮರ್ಯಾದಿಲೆ ಹೇಳಿದ್ರ, ಮಗ ಅದಾನ, ಪಾಲಿಸಿ ಅದ, ಯುಗಾದಿ ಟೈಮಿಗೆ ರಿನಿವಲ್ ಅಂತ ಮೂರು ಹೊಸ ಮಾಹಿತಿ ಆ ನಂಬರಿನ ಮುಂದ ಸೇರ್ತಿದ್ವು, ಯುಗಾದಿ ಬರೋ ತಿಂಗಳಿಗೆ ಸರಿಯಾಗಿ ಮತ್ತ ಫೋನ್. ಅದಕ್ಕ ಕಾರಣ ಹೇಳಾಕೇ ಹೋಗಬಾರದು. ಹೌದು ಶುಗರ್ ಅದ ಅಂತನೂ ಅನಬಾರದು ಇಲ್ಲ ಅಂತನೂ ಅನಬಾರದು, ಸುಮ್ಮ ಕಟ್ ಮಾಡ್ಬೇಕು.


ಬೀದರ ಕೋಟೆ

ಫರ್ಸಿ ಅಣ್ಣಾವ್ರು ಹೇಳಿದ್ದು ಖರೇ ಅದ, ಆದ್ರ ಫೋನ್ ಬರೋದು ಕಣ್ಣಿಗೆ ಕಾಣೋ ಭಾಗ ಅಷ್ಟೇ. ನಾ ಬೀದರದಾಂವ, ಬೆಂಗಳೂರಾಗ ಮೊಬೈಲ್ ಆ್ಯಪ್ ಮಾಡೋ ಕೆಲಸ ಮಾಡ್ತೀನಿ, ಫೋನ್ ಬರದೇ ನಡಿಯೋ ವ್ಯಾಪಾರ ಇದಕ್ಕಿಂತ ಭಾಳ ದೊಡ್ಡದದ.

ನಾವು ಒಂದು ಆ್ಯಪ್ ಕಟ್ಟೋವಾಗ ಎಲ್ಲಾ ಕೋಡ್ ನಾವೇ ಬರಿಯಲ್ಲ, ಜಾಹೀರಾತು ತೋರ್ಸೋದಕ್ಕ ಒಂದು, ಯಾರು ಎಷ್ಟೊತ್ತು ನೋಡಿದ್ರು ಅಂತ ಎಣಸೋದಕ್ಕ ಒಂದು, ಹಿಂಗ ಬ್ಯಾರೆ ಕಂಪನಿಗಳ ತಯಾರ್ ಕೋಡ್ ಒಳಗ ಹಾಕ್ತೀವಿ. ಅವು ನಿಮ್ಮ ಫೋನ್‌ನಾಗ ಕುಂತು ತಮ್ಮ ತಮ್ಮ ಮಾಲಕರಿಗೆ ಸುದ್ದಿ ಕಳಿಸ್ತಾವ. ಪ್ರತಿ ಆಂಡ್ರಾಯ್ಡ್ ಫೋನಿಗೆ ಒಂದು ಜಾಹೀರಾತು ಐಡಿ ಇರ್ತದ, ಹೆಸರು ಇರ್ದಿದ್ರೂ ಆ ಐಡಿ ಮ್ಯಾಲ ಎಲ್ಲಾ ಕೂಡ್ಸಿಟ್ಟಿರ್ತಾರ, ಯಾವ ಆ್ಯಪ್ ತೆಗ್ದ್ರು, ಎಷ್ಟೊತ್ತಿಗೆ ತೆಗ್ದ್ರು, ಯಾವ ಊರಾಗ ಅದಾರ.

ಆಮ್ಯಾಲ ನೀವು ಒಂದು ಪೇಜ್ ತೆಗ್ದ್ರಿ ಅಂದ್ರ, ಆ ಪೇಜ್ ತುಂಬ ಬರೋದ್ರೊಳಗ ನಿಮ್ಮ ಮ್ಯಾಲ ಸವಾಲ್ ಆಗಿರ್ತದ. ನಮ್ಮ ಕಲಬುರಗಿ ಎಪಿಎಂಸಿದಾಗ ತೊಗರಿ ಸವಾಲ್ ಆಗ್ತದಲ್ಲ, ಖರೀದಿದಾರ್ರೆಲ್ಲಾ ಬಂದು ಕಾಳು ಕೈಯಾಗ ಹಿಡ್ದು ನೋಡಿ ರೇಟ್ ಹೇಳ್ತಾರ, ಹಂಗೇ ಇಲ್ಲಿ ಜಾಹೀರಾತು ಕಂಪನಿಗಳು "ಐವತ್ತರ ಮ್ಯಾಲಿನ ಹೆಣ್ಮಗಳು, ಕಲಬುರಗಿ, ಶುಗರ್ ಬಗ್ಗೆ ಓದ್ಲತ್ತಾಳ" ಅಂತ ನೋಡಿ ಬೆಲಿ ಕೂಗ್ತಾವ, ಎಲ್ಲಾ ಒಂದು ಸೆಕೆಂಡ್ ಒಳಗ. ಎಪಿಎಂಸಿದಾಗ ರೊಕ್ಕ ರೈತನ ಕೈಗರ ಬರ್ತದ, ಇಲ್ಲಿ ಮಾಲ್ ನಾವೇ ಇದ್ರೂ ನಮಗ ಏನೂ ಬರಲ್ಲ. ಮತ್ತ ಇಲ್ಲಿ ಸವಾಲ್ ಸೋತೋರಿಗೂ ಆ ವಿವರ ಹೋಗಿರ್ತದ, ಗೆದ್ದಾಂವ ಜಾಹೀರಾತು ತೋರಸ್ತಾನ, ಸೋತೋರ ಕೈಯಾಗಿನ ವಿವರ ವಾಪಸ್ ತೊಗೊಳ್ಳೋರು ಯಾರೂ ಇಲ್ಲ.

ರೊಕ್ಕ ಎಷ್ಟು ಅಂತ ಕೇಳಿದ್ರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರರ ಮಾಲಕ ಮೆಟಾ ಕಂಪನಿಗೆ 2023ರಾಗ ಬಂದ ಆದಾಯ ಸುಮಾರು 13,490 ಕೋಟಿ ಡಾಲರ್, ಅದ್ರಾಗ ಸುಮಾರು 13,190 ಕೋಟಿ ಡಾಲರ್ ಬರೇ ಜಾಹೀರಾತಿಂದು. ಗೂಗಲ್‌ನ ಆಲ್ಫಾಬೆಟ್ ಕಂಪನಿದೂ ಆ ವರ್ಷ ಮುಕ್ಕಾಲು ಪಾಲಿಗಿಂತ ಜಾಸ್ತಿ ಆದಾಯ ಜಾಹೀರಾತಿಂದೇ. ನಮ್ಮ ಬಗ್ಗೆ ಗೊತ್ತಿರೋದ್ರ ಮ್ಯಾಲ ಎಷ್ಟು ನಿಂತದ ಅನ್ನೋದಕ್ಕ ಇನ್ನೊಂದು ಹೇಳ್ತೀನಿ, ಆ್ಯಪಲ್‌ನೋರು 2021ರಾಗ ಐಫೋನ್‌ದಾಗ "ಈ ಆ್ಯಪ್ ನಿಮ್ಮನ್ನ ಹಿಂಬಾಲಿಸಲಿ ಏನು" ಅಂತ ಒಂದು ಪ್ರಶ್ನೆ ಕೇಳ್ಸೋದು ಶುರು ಮಾಡಿದ್ರು, ಜನ ಬ್ಯಾಡ ಅಂತ ಒತ್ತಿದ್ರು, ಅದ್ರಿಂದ 2022ರ ಒಂದೇ ವರ್ಷಕ್ಕ ಸುಮಾರು 1,000 ಕೋಟಿ ಡಾಲರ್ ಆದಾಯ ಹೋಗ್ತದ ಅಂತ ಮೆಟಾನೇ ಹೇಳ್ತು.

ಇನ್ನ ಶುಗರ್ ವಿಷಯ. ಅಮೆರಿಕದಾಗ ಗ್ರಾಹಕರ ಹಿತ ಕಾಯೋ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2014ರಾಗ ಡೇಟಾ ಬ್ರೋಕರ್ ಅನ್ನೋ 9 ಕಂಪನಿಗಳ ವ್ಯವಹಾರ ತೆಗ್ದು ವರದಿ ಕೊಟ್ಟಿತ್ತು, ಮಾಹಿತಿ ಕೂಡ್ಸಿ ಮಾರೋದೇ ಆ ಕಂಪನಿಗಳ ಧಂದೆ. ಜನರನ್ನ ಗುಂಪು ಗುಂಪು ಮಾಡಿ ಮಾರ್ತಿದ್ರು, ಅದ್ರಾಗ "ಡಯಾಬಿಟಿಸ್ ಇಂಟರೆಸ್ಟ್" ಅಂತಾನೇ ಒಂದು ಗುಂಪಿತ್ತು. ಶುಗರ್ ಇಲ್ಲದ ತಿಂಡಿ ಮಾರೋರು ಆ ಪಟ್ಟಿ ತೊಗೊಂಡು ರಿಯಾಯಿತಿ ಕೊಡಬಹುದು, ಆದ್ರ ಇನ್ಶೂರೆನ್ಸ್‌ನೋರು ಅದೇ ಪಟ್ಟಿ ನೋಡಿ ಇವ್ರು ಅಪಾಯದ ಗಿರಾಕಿ ಅಂತ ಗುರ್ತು ಹಾಕಬಹುದು ಅಂತ ಆ ವರದಿನೇ ಹೇಳ್ತದ. 2023ರಾಗ ಅಲ್ಲಿ ಔಷಧಿ ರಿಯಾಯಿತಿ ಕೂಪನ್ ಕೊಡೋ ಗುಡ್‌ಆರ್‌ಎಕ್ಸ್ ಅನ್ನೋ ಕಂಪನಿಗೆ 15 ಲಕ್ಷ ಡಾಲರ್ ದಂಡ ಬಿತ್ತು, ಯಾರು ಯಾವ ಔಷಧಿ ತೊಗೊಳ್ಳತ್ತಾರ ಅನ್ನೋದು ಫೇಸ್‌ಬುಕ್ ಗೂಗಲ್‌ಗೆ ದಾಟ್ಸಿದ್ದಕ್ಕ. ಟಿವಿನೂ ಬಿಟ್ಟಿಲ್ಲ, ವಿಜಿಯೋ ಅನ್ನೋ ಸ್ಮಾರ್ಟ್ ಟಿವಿ ಕಂಪನಿ 1.1 ಕೋಟಿ ಟಿವಿಗಳಿಂದ ಮನ್ಯಾಗ ಯಾರು ಏನ್ ನೋಡ್ಲತ್ತಾರ ಅಂತ ಸೆಕೆಂಡ್ ಸೆಕೆಂಡ್ ಲೆಕ್ಕ ತೊಗೊಂಡು ಮಾರಿತ್ತು, 2017ರಾಗ 22 ಲಕ್ಷ ಡಾಲರ್ ಕಟ್ತು.

ಈಗ ಮಾಡೋದು ಏನಂದ್ರ, ಅವ್ವನ ಫೋನ್‌ನಾಗ ಸೆಟ್ಟಿಂಗ್ಸ್ ತೆಗ್ದು ಗೂಗಲ್ ಅಂತ ಇರೋದ್ರಾಗ ಆಡ್ಸ್ ಅಂತ ಅದ, ಅಲ್ಲಿ ಜಾಹೀರಾತು ಐಡಿ ಡಿಲೀಟ್ ಮಾಡೋ ಬಟನ್ ಇರ್ತದ, ಒತ್ತಿಬಿಡ್ರಿ. ಯಾವ ಆ್ಯಪಿಗೆ ಕಾಂಟ್ಯಾಕ್ಟ್, ಲೊಕೇಶನ್, ಮೆಸೇಜ್ ಓದೋ ಪರವಾನಗಿ ಕೊಟ್ಟದ ನೋಡಿ ತೆಗೀರಿ. ಟಾರ್ಚ್ ಆ್ಯಪಿಗೆ ಕಾಂಟ್ಯಾಕ್ಟ್ ಎದಕ್ಕ ಬೇಕು ಹೇಳ್ರಿ.


ಆಳಂದ ನಾಕಾ

ಎಲ್ಲರೂ ಭಾಳ ಅಂಜಸ್ಲತ್ತೀರಿ ಅನಿಸ್ತದ. ವಾಟ್ಸಾಪ್ ಫ್ರೀ, ಮ್ಯಾಪ್ ಫ್ರೀ, ಯೂಟ್ಯೂಬ್ ಫ್ರೀ, ಅವ್ರು ರೊಕ್ಕ ಎಲ್ಲಿಂದರ ಮಾಡ್ಬೇಕಲ್ಲ. ನಂದು ಕಪನೂರ ಕಡೆ ಸಣ್ಣ ಫರ್ನಿಚರ್ ಅಂಗಡಿ ಅದ, ಪೇಪರಿಗೆ ಜಾಹೀರಾತು ಕೊಡ್ಬೇಕಂದ್ರ ನನ್ನ ಕೈಲೆ ಆಗಲ್ಲ, ಫೇಸ್‌ಬುಕ್‌ನಾಗ ಕಲಬುರಗಿ ಸುತ್ತಮುತ್ತ, ಹೊಸಾ ಮನಿ ಕಟ್ಲತ್ತೋರಿಗೆ ಅಷ್ಟೇ ತೋರ್ಸು ಅಂದ್ರ ಸ್ವಲ್ಪ ರೊಕ್ಕದಾಗ ತೋರಸ್ತದ, ಗಿರಾಕಿ ಬರ್ತಾರ. ನನ್ನಂಥಾಂವಗ ಅದ್ರಿಂದ ಉಪಯೋಗ ಅದ. ಮತ್ತ ನಾವೇನ್ ಕಳ್ಳತನ ಮಾಡಿಲ್ಲ, ಮುಚ್ಚಿಡೋದು ಏನದ? ಲ್ಯಾಬ್‌ನೋರು ಮಾಡಿದ್ದು ತಪ್ಪೇ, ಅದು ಬ್ಯಾರೆ ಮಾತು.


ಭೀಮಾ ದಂಡಿ

ಆಳಂದ ನಾಕಾ ಅಣ್ಣಾರೆ, ನಿಮ್ಮ ಅಂಗಡಿ ಜಾಹೀರಾತಿನ ಮಾತು ನಾ ಒಪ್ತೀನಿ, ಸೋಫಾ ಬೇಕಾದೋರಿಗೆ ಸೋಫಾ ತೋರ್ಸಿದ್ರ ಯಾರಿಗೂ ಲುಕ್ಸಾನ್ ಇಲ್ಲ. ಮುಚ್ಚಿಡೋದು ಏನದ ಅನ್ನೋ ಮಾತು ಮಾತ್ರ ಒಪ್ಪಲ್ರಿ. ನಾ ಯಾದಗಿರಿ ಜಿಲ್ಲಾದಾಗ ಸಾಲಿ ಟೀಚರ್. ನಮ್ಮ ಸಂಬಂಧಿಕರ ಹುಡುಗ ಶಹಾಪುರದಾಂವ, ಫೋನ್‌ನಾಗೇ ಸಾಲ ಕೊಡೋ ಒಂದು ಆ್ಯಪ್ ಹಾಕ್ಕೊಂಡು ಸಣ್ಣ ಸಾಲ ತೊಗೊಂಡಿದ್ದ, ಕಂತು ತಪ್ತು. ಅವ್ನ ಫೋನ್‌ನಾಗಿದ್ದ ನಂಬರೆಲ್ಲಾ ಆ ಆ್ಯಪ್ ಮೊದ್ಲೇ ಎಳ್ಕೊಂಡಿತ್ತು. ನನಗ ಫೋನ್, ನಮ್ಮ ಹೆಡ್‌ಮಾಸ್ತರಿಗೆ ಫೋನ್, ಅವ್ನ ಲಗ್ನ ಮಾತಾಡಿದ್ದ ಹುಡುಗಿ ಮನಿಯೋರಿಗೂ ಫೋನ್ ಹೋತು, "ಈ ಹುಡುಗ ಕಳ್ಳ ಅದಾನ" ಅಂತ ಮೆಸೇಜ್ ಬ್ಯಾರೆ. ಲಗ್ನ ಮುರೀತು. ನಾ ಆ ಆ್ಯಪ್ ಹೆಸರೂ ಕೇಳಿರ್ಲಿಲ್ಲ, ಎಲ್ಲೂ ಟಿಕ್ ಮಾಡಿರ್ಲಿಲ್ಲ, ಆದ್ರೂ ನನ್ನ ಹೆಸರು ನಂಬರ್ ಅವ್ರ ಕೈಯಾಗಿತ್ತು, ಯಾಕಂದ್ರ ಅವ್ನು ಒತ್ತಿದ್ದ ಓಕೆ ನನ್ನ ಪರವಾಗಿನೂ ಆಯ್ತು.

ಸಾಲದ ಆ್ಯಪ್‌ಗಳು ಫೋನ್‌ನಾಗಿನ ಫೋಟೋ, ಫೈಲ್, ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ದಾಗ ನಿಯಮ ಮಾಡ್ಯದ, ಗೂಗಲ್ ಪ್ಲೇಸ್ಟೋರ್‌ನೋರೂ 2023ರ ಮೇ ಕೊನಿಗೆ ಅದನ್ನ ಬಂದ್ ಮಾಡಿದ್ರು. ಅದಕ್ಕ ಈಗ ಯಾರರ ಸಾಲದ ಆ್ಯಪ್ ಕಾಂಟ್ಯಾಕ್ಟ್ ಕೇಳ್ತು ಅಂದ್ರ ಅಲ್ಲೇ ನಿಂದರ್ರಿ, ಅದು ನಿಯಮ ಮುರಿಲತ್ತದ ಅಂತ ಪಕ್ಕಾ. ಲಿಂಕ್ ಕಳ್ಸಿ ಹಾಕ್ಕೋರಿ ಅನ್ನೋ ಆ್ಯಪ್ ಅಂತೂ ಮುಟ್ಟಲೇಬ್ಯಾಡ್ರಿ.

ಒಬ್ಬರ ಓಕೆ ಎಷ್ಟು ಮಂದಿಗೆ ತಟ್ತದ ಅನ್ನೋದಕ್ಕ ಕೇಂಬ್ರಿಜ್ ಅನಾಲಿಟಿಕಾ ಅನ್ನೋ ಚುನಾವಣಾ ಪ್ರಚಾರದ ಕಂಪನಿ ಲೆಕ್ಕ ನೋಡ್ರಿ, 2018ರಾಗ ಹೊರಗ ಬಂದದ್ದು. ಫೇಸ್‌ಬುಕ್‌ನಾಗ ನಿಮ್ಮ ಸ್ವಭಾವ ಹೇಳ್ತೀವಿ ಅನ್ನೋ ಒಂದು ಕ್ವಿಜ್ ಆ್ಯಪಿಂದ ಆ ಕಂಪನಿಗೆ ಮಾಹಿತಿ ಹೋಗಿತ್ತು. ಭಾರತದಾಗ ಅದನ್ನ ಹಾಕ್ಕೊಂಡೋರು 335 ಜನ ಅಷ್ಟೇ. ಅವ್ರ ಗೆಳೆಯರ ಪಟ್ಟಿ ಹಿಡ್ಕೊಂಡು ಒಟ್ಟು 5.62 ಲಕ್ಷ ಭಾರತೀಯರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಒಪ್ಕೊಂಡಿತು. ಆ 5.62 ಲಕ್ಷದಾಗ ನೀವು ನಾವು ಇದ್ದಿರಬಹುದು. ನೀವು ಮುಚ್ಚಿಡಂಗಿಲ್ಲ ಅಂತ ತೆರೆದಿಟ್ಟ ಫೋನ್‌ನಾಗ ನಿಮ್ಮ ತಂಗಿ ನಂಬರ್ ಅದ, ನಿಮ್ಮ ಗಿರಾಕಿಗಳ ನಂಬರ್ ಅದ, ಅವ್ರಿಗೆ ಯಾರೂ ಕೇಳಿಲ್ಲ.


ಆಳಂದ ನಾಕಾ

ಅಕ್ಕೋರೆ ಹುಡುಗನ ವಿಷಯ ಓದಿ ಸಂಕಟ ಆಯ್ತು. ಗಿರಾಕಿಗಳ ನಂಬರ್ ಬಗ್ಗೆ ನೀವು ಹೇಳಿದ್ದು ನಾ ವಿಚಾರ ಮಾಡಿರ್ಲಿಲ್ಲ, ಅಂಗಡಿ ಫೋನ್‌ನಾಗ ಏನೇನ್ ಆ್ಯಪ್ ಅವ ಇವತ್ತೇ ನೋಡ್ತೀನಿ.


ಕೋರ್ಟ್ ರೋಡ್ ವಕೀಲ

ಕಾನೂನಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಕಲಬುರಗಿಯಲ್ಲೇ ಪ್ರಾಕ್ಟೀಸ್ ಮಾಡ್ತೀನಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳ್ತು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದಾದ 6 ವರ್ಷಕ್ಕೆ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮ ಬರೋಕೆ ಮತ್ತೆ 2025ರ ನವೆಂಬರ್ ಆಯ್ತು, ಅದರಲ್ಲೂ ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಅವಕಾಶ ಕೊಟ್ಟಿದಾರೆ, ಅಂದ್ರೆ 2027ರ ಮೇ ಹತ್ತಿರ. ದಂಡ 250 ಕೋಟಿ ರೂಪಾಯಿವರೆಗೂ ಹಾಕಬಹುದು, ಕೇಳೋಕೆ ದೊಡ್ಡದು. ಆದರೆ ಆ ದಂಡದ ಹಣ ಪೂರ್ತಿ ಸರ್ಕಾರದ ಸಂಚಿತ ನಿಧಿಗೆ ಹೋಗ್ತದೆ, ಮಾಹಿತಿ ಕಳ್ಕೊಂಡ ವ್ಯಕ್ತಿಗೆ ಒಂದು ರೂಪಾಯಿನೂ ಇಲ್ಲ. ಇದು ನನಗೆ ಬಹಳ ಬೇಸರದ ವಿಷಯ, ಯಾಕಂದ್ರೆ ಹಳೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ನೊಂದವರಿಗೆ ಪರಿಹಾರ ಕೊಡ್ತದೆ, ಹೊಸ ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಆ ಕಲಂ ತೆಗೀತಾರೆ. ಇನ್ನೊಂದು ಕೊರತೆ, ಅದೇ ಹಳೇ ಕಾಯ್ದೆಯಡಿ ಬಂದ 2011ರ ನಿಯಮಗಳಲ್ಲಿ ಆರೋಗ್ಯದ ದಾಖಲೆಯನ್ನ ಸೂಕ್ಷ್ಮ ಮಾಹಿತಿ ಅಂತ ಬೇರೆ ಮಾಡಿ ಹೆಚ್ಚು ರಕ್ಷಣೆ ಕೊಟ್ಟಿದ್ರು, ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಚಪ್ಪಲಿ ಅಂಗಡಿಯ ಬಿಲ್ಲಿಗೂ ನಿಮ್ಮ ತಾಯಿಯವರ ರಕ್ತದ ರಿಪೋರ್ಟಿಗೂ ಒಂದೇ ಅಳತೆ.

ಹಂಗಂತ ಕೈಕಟ್ಟಿ ಕೂರಬೇಕಿಲ್ಲ. ಆ 2011ರ ನಿಯಮಗಳ ಪ್ರಕಾರ ಆರೋಗ್ಯದ ಮಾಹಿತಿ ಬೇರೆಯವರಿಗೆ ಕೊಡಬೇಕಂದ್ರೆ ಮೊದಲೇ ಅನುಮತಿ ಬೇಕು, ಕೊಟ್ಟ ಒಪ್ಪಿಗೆ ಲಿಖಿತವಾಗಿ ಹಿಂದಕ್ಕೆ ಪಡೀಬಹುದು, ದೂರು ಕೊಟ್ರೆ ಒಂದು ತಿಂಗಳೊಳಗೆ ಪರಿಹರಿಸಬೇಕು. ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮಗೆ ಹೆಚ್ಚು ಹತ್ತಿರದ ದಾರಿ. ಗ್ರಾಹಕ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನ ಕಾನೂನಿನ ಆಧಾರ ಇಲ್ಲದೆ ಬೇರೆಯವರಿಗೆ ಬಿಟ್ಟುಕೊಡೋದು ಅನುಚಿತ ವ್ಯಾಪಾರ ಪದ್ಧತಿ ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಇದಕ್ಕೆ ಬೆಂಗಳೂರಿಗೆ ಹೋಗೋದು ಬೇಡ, ಜಿಲ್ಲಾ ಗ್ರಾಹಕ ಆಯೋಗ ನಮ್ಮಲ್ಲೇ ಇದೆ, ನೀವು ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕನೂ ಇಲ್ಲ, ನೀವೇ ಅರ್ಜಿ ಬರೆದು ಹಾಕಬಹುದು. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಒಂದು ದೂರು ದಾಖಲಿಸಿ.

ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ ಕೌಂಟರಿನಲ್ಲಿ ನಂಬರ್ ಕೊಡದಿದ್ರೆ ಬಿಲ್ ಆಗಲ್ಲ ಅಂತಾರಲ್ಲ, ಹಾಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ಧೈರ್ಯವಾಗಿ ಇಲ್ಲ ಅನ್ನಿ.

ದೊಡ್ಡ ಕಂಪನಿಗಳ ಮೇಲೆ ಏನೂ ಆಗಲ್ಲ ಅನ್ನೋರಿಗೆ ಒಂದು ಮಾತು. ವಾಟ್ಸಾಪ್ 2021ರಲ್ಲಿ ಒಪ್ಪಿದ್ರೆ ಇರಿ ಇಲ್ಲಾಂದ್ರೆ ಹೋಗಿ ಅನ್ನೋ ಥರ ಹೊಸ ಖಾಸಗಿತನ ನೀತಿ ತಂತಲ್ಲ, ಅದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಮೇಲೆ 213.14 ಕೋಟಿ ರೂಪಾಯಿ ದಂಡ ಹಾಕ್ತು.

ಬೇಡದ ಫೋನ್ ನಿಲ್ಲಿಸೋಕೆ 1909 ನಂಬರಿಗೆ ದೂರು ಕೊಡಬೇಕು. ಟೆಲಿಮಾರ್ಕೆಟಿಂಗ್ ಮಾಡೋರು 140 ಇಂದ ಶುರುವಾಗೋ ನಂಬರಿನಿಂದ ಮಾಡಬೇಕು, ಸಾದಾ 10 ಅಂಕಿ ನಂಬರಿಂದ ಪಾಲಿಸಿ ಮಾರೋರು ನಿಯಮ ಮುರೀತಿದಾರೆ ಅಂತಲೇ ಲೆಕ್ಕ. ಫೋನ್ ಬಂದ 7 ದಿನದೊಳಗೆ ದೂರು ಕೊಡಿ, 2025ರಿಂದ ಇದಕ್ಕೆ ಮೊದಲೇ ಡಿಎನ್‌ಡಿ (ಜಾಹೀರಾತು ಫೋನ್ ಬೇಡ ಅನ್ನೋ) ನೋಂದಣಿ ಆಗಿರಲೇಬೇಕು ಅಂತಿಲ್ಲ.


ಸೇಡಂ ರೋಡ್

ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ, ವಕೀಲ್ ಸಾಹೇಬ್ರೇ ನಿಮಗಂತೂ. ಫರ್ಸಿ ತಮ್ಮಾ ಹೇಳಿದಂಗ ಬಿಲ್ ತೆಗ್ದು ನೋಡ್ದೆ. ಹಿಂದಿನ ಕಡೆ ಇಂಗ್ಲಿಷಿನಾಗ ಇರುವಿ ಸಾಲಿನಂಗ ಸಣ್ಣ ಅಕ್ಷರ, ಫೋನ್‌ನಾಗ ಫೋಟೋ ಹೊಡ್ದು ದೊಡ್ಡದು ಮಾಡಿ ಓದಿದ್ರ ಪಾರ್ಟ್ನರ್‌ಗಳಿಗೆ ಮಾಹಿತಿ ಕೊಡ್ತೀವಿ, ಅವ್ರು ಸಂಪರ್ಕ ಮಾಡಬಹುದು ಅಂತ ಅದ. ಕೆಳಗ ಸಹಿ ಜಾಗ, ಅವ್ವಂದು ಸಹಿ. ನಮ್ಮವ್ವ ಓದಿದ್ದು ಕನ್ನಡ ನಾಕನೇ ಇಯತ್ತ, ಸಹಿ ಮಾಡ್ರಿ ರಕ್ತ ತೊಗೋತೀವಿ ಅಂದ್ರು, ಮಾಡಿದ್ಲು. ಸೂಜಿ ಹಿಡ್ಕೊಂಡು ನಿಂತಾರ, ಬ್ಯಾನಿ ಅನ್ನೋ ಅಂಜಿಕಿ, ಅಲ್ಲಿ ನಿಂತು ಯಾರು ಓದ್ತಾರ್ರಿ. ಆ ಸಹಿಗೆ ಬೆಲಿ ಅದ ಏನ್ರಿ ಸಾಹೇಬ್ರೇ?


ಕೋರ್ಟ್ ರೋಡ್ ವಕೀಲ

ಒಳ್ಳೆ ಪ್ರಶ್ನೆ. ಸಹಿ ಇದೆ ಅಂತ ಅವರು ವಾದ ಮಾಡೇ ಮಾಡ್ತಾರೆ. ನಿಮ್ಮ ವಾದ ಏನಂದ್ರೆ, ರಕ್ತ ಪರೀಕ್ಷೆಗೆ ಕೊಟ್ಟ ಸಹಿನೇ ಬೇರೆ, ಪಾಲಿಸಿ ಮಾರೋಕೆ ಹೆಸರು ಕೊಡೋ ಒಪ್ಪಿಗೆನೇ ಬೇರೆ, ಎರಡನ್ನ ಒಂದೇ ಹಾಳೆಯಲ್ಲಿ ಕಟ್ಟಿ, ಓದಲು ಬಾರದ ಭಾಷೆಯಲ್ಲಿ, ಸಹಿ ಇಲ್ಲದಿದ್ರೆ ಪರೀಕ್ಷೆ ಇಲ್ಲ ಅಂದದ್ದು ಒಪ್ಪಿಗೆಯೇ ಅಲ್ಲ. 2023ರ ಕಾಯ್ದೆ ಇದನ್ನ ಸ್ಪಷ್ಟ ಮಾಡಿದೆ, ಒಪ್ಪಿಗೆ ಸ್ವತಂತ್ರವಾಗಿರಬೇಕು, ಇಂಥದ್ದೇ ಕೆಲಸಕ್ಕೆ ಅಂತ ಇರಬೇಕು, ತಿಳಿದು ಕೊಟ್ಟಿರಬೇಕು, ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿಗೆ ಸೀಮಿತ. ಮತ್ತೆ ನೋಟಿಸನ್ನ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದೋ ಆಯ್ಕೆ ಕೊಡಬೇಕು, ಕನ್ನಡ ಅದರಲ್ಲಿ ಇದೆ. ಇವು ಇನ್ನೂ ಜಾರಿಗೆ ಬರಬೇಕು, ಆದರೆ ಕನ್ನಡದಲ್ಲಿ ಕೊಡಿ ಅಂತ ಕೇಳೋಕೆ 2027 ಬರೋತನಕ ಕಾಯಬೇಕಾ? ಕಲಬುರಗಿಯ ಪ್ರತಿ ಲ್ಯಾಬು, ನರ್ಸಿಂಗ್ ಹೋಮ್ ಕೌಂಟರಿನಲ್ಲಿ ಈಗಲೇ ಕೇಳೋಕೆ ಶುರು ಮಾಡಬೇಕು ನಾವು.

ಸದ್ಯಕ್ಕೆ ಒಂದು ಬಿಳಿ ಹಾಳೆ ಮೇಲೆ ಹೀಗೆ ಬರೆದು ಕೊಡಿ:

"ನಾನು ಇಂಥ ದಿನಾಂಕ ನಿಮ್ಮಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದು, ಬಿಲ್ ನಂಬರ್ ಇಷ್ಟು. ಪರೀಕ್ಷೆ ಮತ್ತು ವರದಿ ಬಿಟ್ಟು ಬೇರೆ ಯಾವ ಕೆಲಸಕ್ಕೂ ನನ್ನ ಹೆಸರು, ಫೋನ್ ನಂಬರ್, ಆರೋಗ್ಯದ ವಿವರ ಬಳಸಲು ನನ್ನ ಒಪ್ಪಿಗೆ ಇಲ್ಲ. ಫಾರ್ಮಿನ ಮೂಲಕ ಅಂಥ ಒಪ್ಪಿಗೆ ಪಡೆದಿದ್ದರೆ ಅದನ್ನು ಈ ಪತ್ರದಿಂದ ಹಿಂದಕ್ಕೆ ಪಡೆದಿದ್ದೇನೆ. ಇದುವರೆಗೆ ನನ್ನ ಮಾಹಿತಿಯನ್ನು ಯಾವ ಯಾವ ಸಂಸ್ಥೆಗೆ, ಯಾವ ದಿನ ಕೊಟ್ಟಿದ್ದೀರಿ ಎಂದು ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಿ, ಅವರ ಕಡೆಯಿಂದಲೂ ಅಳಿಸಿ ಹಾಕಿಸಬೇಕು."

ತಾಯಿಯವರಿಗೆ ಓದಿ ಹೇಳಿ, ಅರ್ಥ ಆದ ಮೇಲೆ ಅವರದೇ ಸಹಿ ಮಾಡಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಸೀಲು ಸಹಿ ತೊಗೊಳ್ಳಿ, ಕೊಡಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಬಂದ ಫೋನುಗಳ ನಂಬರ್, ದಿನಾಂಕ ಸ್ಕ್ರೀನ್‌ಶಾಟ್ ತೆಗೆದಿಡಿ. ಆಯೋಗದ ಮುಂದೆ ನಿಂತಾಗ ಈ ಹಾಳೆಗಳೇ ಕೆಲಸಕ್ಕೆ ಬರೋದು.


ಭೀಮಾ ದಂಡಿ

ಸಾಹೇಬ್ರೇ ಇದೇ ಅರ್ಜಿ ಕಾಲೇಜು, ಟ್ಯೂಷನ್‌ನೋರಿಗೂ ನಡೀತದೇನ್ರಿ? ಸೆಕೆಂಡ್ ಪಿಯು ರಿಸಲ್ಟ್ ಬಂದ ದಿನಾನೇ ಎಲ್ಲೆಲ್ಲಿಂದೋ ಕಾಲೇಜಿನೋರು ಫೋನ್ ಹಚ್ತಾರ, ಹುಡುಗರ ಹೆಸರು, ಅಪ್ಪನ ಹೆಸರು ಎಲ್ಲಾ ಗೊತ್ತಿರ್ತದ. ನಮ್ಮ ಕಡೆ ಹಳ್ಳಿ ತಂದೆ ತಾಯಿ "ಸರಕಾರದೋರೇ ಫೋನ್ ಮಾಡ್ಯಾರ" ಅಂತ ತಿಳ್ದು ಸೀಟ್ ಬುಕಿಂಗ್ ಅಂತ ರೊಕ್ಕ ಕಟ್ಟಿ ಬಿಡ್ತಾರ.


ಕೋರ್ಟ್ ರೋಡ್ ವಕೀಲ

ನಡೀತದೆ ಮೇಡಂ. ಆರೋಗ್ಯದ ಮಾತು ಬರೋ ಕಡೆ ಅಂಕ, ವಿಳಾಸ, ತಂದೆ ತಾಯಿ ನಂಬರ್ ಅಂತ ಬದಲಿಸ್ಕೊಳ್ಳಿ. ಆರೋಗ್ಯದ ದಾಖಲೆಗೆ ಇರೋ 2011ರ ವಿಶೇಷ ನಿಯಮ ಅಂಕಪಟ್ಟಿಗೆ ಅನ್ವಯ ಆಗಲ್ಲ, ಹಾಗಾಗಿ ನಂಬಿಕೆಯಿಂದ ಕೊಟ್ಟ ಮಾಹಿತಿ ಅನ್ನೋ ಗ್ರಾಹಕ ಕಾಯ್ದೆಯ ಆಧಾರದ ಮೇಲೆ ಬರೆಯಿರಿ. ಹುಡುಗ ಹುಡುಗಿಗೆ 18 ತುಂಬಿರದಿದ್ರೆ ತಂದೆ ಅಥವಾ ತಾಯಿ ಸಹಿ ಮಾಡಲಿ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ 18ರ ಒಳಗಿನವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಕಡ್ಡಾಯ, ಅವರ ಮೇಲೆ ಕಣ್ಣಿಟ್ಟು ಜಾಹೀರಾತು ಗುರಿ ಮಾಡೋದೂ ನಿಷೇಧ, ಮುರಿದ್ರೆ 200 ಕೋಟಿ ರೂಪಾಯಿವರೆಗೆ ದಂಡ ಅಂತಿದೆ. ಯಾರಾದ್ರೂ ಈಗಾಗಲೇ ಸೀಟ್ ಅಂತ ಹಣ ಕಟ್ಟಿ ಮೋಸ ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬೇಗ ಹೇಳಿದಷ್ಟೂ ಹಣ ಬ್ಯಾಂಕಿನಲ್ಲಿ ತಡೆಹಿಡಿಯೋ ಸಾಧ್ಯತೆ ಜಾಸ್ತಿ. ನಿಮ್ಮ ಶಾಲೆಯಲ್ಲಿ ಪೋಷಕರ ಸಭೆ ಇಟ್ರೆ ತಿಳಿಸಿ, ಯಾದಗಿರಿಗೆ ಬಂದು ಈ ಅರ್ಜಿ ಬರೆಯೋದು ಹೇಗೆ ಅಂತ ನಾನೇ ಹೇಳಿಕೊಡ್ತೀನಿ.